ಹೇರಳೆಕಾಯಿಯೂ ಬೌದ್ಧಿಕ ಆಸ್ತಿಯೂ

ಆಸ್ತಿ ಎಂದರೆ ಬೇಲಿ ಹಾಕಿಕೊಳ್ಳಬಹುದಾದದ್ದು ಎಂದು ನಾನು ಬಹಳ ಕಾಲ ನಂಬಿದ್ದೆ. ನಮ್ಮ ಕಡೆ ಹೀಗೆ ನಂಬುವುದರಲ್ಲಿ ತಪ್ಪೇನೂ ಇಲ್ಲ. ತೋಟಕ್ಕೆ ಬೇಲಿ, ಗದ್ದೆಗೆ ಬದು, ಸೈಟಿಗೆ ಮೂಲೆಗಲ್ಲು. ಇವುಗಳಲ್ಲಿ ಯಾವುದನ್ನಾದರೂ ಒಂದಡಿ ಆಚೆ ಸರಿಸಿದವರನ್ನು ಮೊಮ್ಮಕ್ಕಳ ಕಾಲದವರೆಗೂ ಮದುವೆ ಊಟಕ್ಕೆ ಕರೆಯುವುದಿಲ್ಲ. ಆದರೆ ತಲೆಯೊಳಗೆ ಹುಟ್ಟುವುದೂ ಆಸ್ತಿಯೇ, ಅದಕ್ಕೂ ಬೇಲಿಯುಂಟು, ಅದನ್ನೂ ಒತ್ತುವರಿ ಮಾಡಬಹುದು ಎಂಬುದು ನನಗೆ ಗೊತ್ತಾದದ್ದು ನಿವೃತ್ತಿಗೆ ಹತ್ತಿರ ಬಂದಾಗ. ನಾನು ಕೊಡ್ಲಿಪೇಟೆಯ ಆಸುಪಾಸಿನ ಒಂದು ಕಾಲೇಜಿನಲ್ಲಿ ಕಾಮರ್ಸ್ ಮೇಷ್ಟ್ರು. ಈ ವರ್ಷ ‘ಬೌದ್ಧಿಕ ಆಸ್ತಿ ಹಕ್ಕುಗಳ ಪರಿಚಯ’ ಎಂಬ ಹೊಸ ವಿಷಯ ಬಂತು. ಅದನ್ನು ಯಾರು ಪಾಠ ಮಾಡಬೇಕೆಂಬ ಪ್ರಶ್ನೆ ಎದ್ದಾಗ ಎಲ್ಲರೂ ಕಿಟಕಿಯಾಚೆ ನೋಡತೊಡಗಿದರು. ಪ್ರಿನ್ಸಿಪಾಲರು ನನ್ನತ್ತ ತಿರುಗಿ, “ಬುದ್ಧಿಯ ಭಾಗ ಹೇಗೋ ಆಗುತ್ತೆ ಸಾರ್, ಆಸ್ತಿ ಅಂತ ಇದೆಯಲ್ಲ, ಅದು ಕಾಮರ್ಸಿಗೇ ಬರೋದು” ಎಂದರು. ಆ ಮಾತಿನ ಮೊದಲರ್ಧವನ್ನು ನಾನು ಇಂದಿಗೂ ಮನಸ್ಸಿಗೆ ಹಚ್ಚಿಕೊಂಡಿಲ್ಲ.

ಓದತೊಡಗಿದ ಮೇಲೆ ಮಾತ್ರ ವಿಷಯ ನನ್ನನ್ನು ಹಿಡಿದುಕೊಂಡಿತು. ಹೊಸದನ್ನು ಕಂಡುಹಿಡಿದವನಿಗೆ ಪೇಟೆಂಟ್. ಅವನು ತನ್ನ ಉಪಾಯವನ್ನು ಲೋಕಕ್ಕೆ ಬಿಚ್ಚಿ ಹೇಳಬೇಕು. ಪ್ರತಿಯಾಗಿ ಇಪ್ಪತ್ತು ವರ್ಷ ಅವನ ಒಪ್ಪಿಗೆಯಿಲ್ಲದೆ ಬೇರೆ ಯಾರೂ ಅದನ್ನು ಮಾಡಿ ಮಾರುವಂತಿಲ್ಲ. ಇದನ್ನು ಓದಿದಾಗ ನೆನಪಾದವರು ನನ್ನ ಸೋದರಮಾವ. ತೋಟಕ್ಕೆ ಬರುವ ಮಂಗಗಳನ್ನು ಓಡಿಸಲು ಅವರು ಖಾಲಿ ಎಣ್ಣೆ ಡಬ್ಬಗಳನ್ನು ಮರಕ್ಕೆ ನೇತುಹಾಕಿ, ಹಗ್ಗದ ತುದಿಯನ್ನು ಜಗುಲಿಯವರೆಗೆ ಎಳೆದು ತಂದು, ಪೇಪರ್ ಓದುತ್ತಲೇ ಕಾಲ್ಬೆರಳಿನಿಂದ ಜಗ್ಗಿ ಸದ್ದು ಮಾಡುತ್ತಿದ್ದರು. ಮಂಗಗಳು ದಿಕ್ಕೆಟ್ಟು ಓಡಿದವು. ಆದರೆ ಮಾವ ಬಂದವರಿಗೆಲ್ಲ ಕಾಫಿ ಕೊಟ್ಟು ಅದರ ಮರ್ಮ ವಿವರಿಸಿದ್ದರಿಂದ ಸ್ವಲ್ಪ ದಿನದಲ್ಲೇ ಊರಿನ ಎಲ್ಲ ಜಗುಲಿಗಳಿಂದಲೂ ಡಬ್ಬದ ಸದ್ದು ಕೇಳತೊಡಗಿತು. ಎಲ್ಲೆಲ್ಲೂ ಅದೇ ಸದ್ದಾದಾಗ ಮಂಗಗಳು ಇದು ಈ ಊರಿನವರ ಪದ್ಧತಿಯೆಂದು ತಿಳಿದು ಆರಾಮವಾಗಿ ತೋಟಕ್ಕಿಳಿದವು. ಒಂದು ಪೇಟೆಂಟ್ ಇದ್ದಿದ್ದರೆ ನಮ್ಮ ಮಾವನಿಗಾದರೂ ಹೆದರುತ್ತಿದ್ದವು.

ಬರೆದದ್ದು, ಹಾಡಿದ್ದು, ಚಿತ್ರಿಸಿದ್ದಕ್ಕೆಲ್ಲ ಕೃತಿಸ್ವಾಮ್ಯ, ಅಂದರೆ ಕಾಪಿರೈಟ್. ಬರೆದ ಗಳಿಗೆಯಲ್ಲೇ ಅದು ಹುಟ್ಟಿಕೊಳ್ಳುತ್ತದೆ, ನೋಂದಣಿ ಕಡ್ಡಾಯವಲ್ಲ, ಬರೆದವನು ಸತ್ತ ಮೇಲೂ ಅರವತ್ತು ವರ್ಷ ಉಳಿಯುತ್ತದೆ. ಆಗಾಗ ಪತ್ರಿಕೆಗೆ ಲೇಖನ ಕಳಿಸುವ ನಾನು ಇದನ್ನು ಹೆಮ್ಮೆಯಿಂದ ಹೆಂಡತಿಗೆ ಓದಿ ಹೇಳಿದೆ. ಜಯಾ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತದೆ, “ನೀವು ಬರ್ದಿದ್ದನ್ನ ನೀವು ಇರೋವಾಗ್ಲೇ ಯಾರೂ ಕದೀಲಿಲ್ಲ. ಆಮೇಲೆ ಅರವತ್ತು ವರ್ಷ ಕಾವಲು ಯಾಕ್ರೀ?” ಎಂದಳು. ನಾನು ಟ್ರೇಡ್‌ಮಾರ್ಕಿಗೆ ದಾಟಿದೆ. ಸರಕು ಯಾರದೆಂದು ತೋರಿಸುವ ಹೆಸರು, ಗುರುತು. ಇದು ನಮಗೆ ಹೊಸದಲ್ಲ. ನಮ್ಮ ಮನೆಯ ಒಂದೊಂದು ಸ್ಟೀಲ್ ಪಾತ್ರೆಯ ಮೇಲೂ ಹೆಸರು ಕೊರೆಸಿದೆ. ಅಷ್ಟಾದರೂ ನಾವು ಸಾರು ಕುದಿಸುವುದು ಯಾರದೋ ಗೃಹಪ್ರವೇಶದಲ್ಲಿ ಅದಲುಬದಲಾಗಿ ಬಂದ ‘ಪುಟ್ಟಸ್ವಾಮಿ’ ಎಂಬವರ ಪಾತ್ರೆಯಲ್ಲಿ. ಇನ್ನು ವಸ್ತುವಿನ ನೋಟಕ್ಕೆ, ಆಕಾರಕ್ಕೆ ಡಿಸೈನ್ ಹಕ್ಕು. ಒಂದು ಊರಿನ ಮಣ್ಣು, ಹವೆ, ಕೈಗುಣದಿಂದಲೇ ಹೆಸರಾದ ಸರಕಿಗೆ ಭೌಗೋಳಿಕ ಸೂಚಕ. ನಮ್ಮ ಕೊಡಗಿನ ಕಿತ್ತಳೆಗೆ ಅದು ಸಿಕ್ಕಿದೆ. ಸಿಕ್ಕುವ ಹೊತ್ತಿಗೆ ಕಿತ್ತಳೆ ಗಿಡಗಳೇ ಅಪರೂಪವಾಗಿದ್ದವು ಎಂಬುದು ಬೇರೆ ಮಾತು. ಕೊನೆಯದು ವ್ಯಾಪಾರ ರಹಸ್ಯ. ಇದನ್ನು ಎಲ್ಲೂ ನೋಂದಾಯಿಸುವಂತಿಲ್ಲ, ಬಾಯಿ ಮುಚ್ಚಿಕೊಂಡಿರುವುದೇ ಅದರ ರಕ್ಷಣೆ. ಗುಟ್ಟು ಗುಟ್ಟಾಗಿ ಉಳಿಯಲು ತಕ್ಕ ಕ್ರಮ ಕೈಗೊಂಡಿದ್ದೀರಾ ಎಂದು ಮಾತ್ರ ಕೋರ್ಟು ಕೇಳುತ್ತದೆ.

ಇಷ್ಟು ತಿಳಿದ ಮನುಷ್ಯ ಸುಮ್ಮನಿರುವುದು ಕಷ್ಟ. ಹೊಸದಾಗಿ ಕನ್ನಡಕ ಹಾಕಿಕೊಂಡವನಿಗೆ ಎಲ್ಲೆಲ್ಲೂ ಧೂಳು ಕಾಣುವಂತೆ ನನಗೆ ಎಲ್ಲೆಲ್ಲೂ ಉಲ್ಲಂಘನೆ ಕಾಣತೊಡಗಿತು. ಹೀಗಿರುವಾಗ ಒಂದು ಸಂಜೆ ಬಸ್ ಸ್ಟ್ಯಾಂಡಿನ ಬೇಕರಿಯಲ್ಲಿ ಬನ್ನು ಕಟ್ಟಿಸುತ್ತಾ ನಿಂತಿದ್ದೆ. ಗಾಜಿನ ಹಿಂದೆ ‘ಜಯಮ್ಮನ ಹೇರಳೆ’ ಎಂಬ ಚೀಟಿ ಅಂಟಿಸಿದ ಉಪ್ಪಿನಕಾಯಿ ಬಾಟಲಿಗಳು ಸಾಲಾಗಿ ಕೂತಿದ್ದವು. ಜಯಮ್ಮ ಎಂದರೆ ನನ್ನ ಹೆಂಡತಿ. ನಮ್ಮ ಹಿತ್ತಲಿನಲ್ಲಿ ಒಂದು ಹೇರಳೆ ಮರವಿದೆ. ಅದರ ದೊಡ್ಡ ಹುಳಿಕಾಯಿಗೆ ಸೂಜಿಮೆಣಸು ಸೇರಿಸಿ ಅವಳು ಹಾಕುವ ಉಪ್ಪಿನಕಾಯಿಯನ್ನು ಒಂದು ಹೋಂಸ್ಟೇಯವರು ಇದೇ ಹೆಸರಿನ ಚೀಟಿ ಅಚ್ಚು ಹಾಕಿಸಿ ತಮ್ಮ ಅತಿಥಿಗಳಿಗೆಂದು ಕೊಳ್ಳುತ್ತಾರೆ. ಪಡಿತರ ಚೀಟಿಯನ್ನು ಬಿಟ್ಟರೆ ಅವಳ ಹೆಸರು ಅಚ್ಚಾಗಿ ಮೊದಲಿಗೆ ಬಂದದ್ದು ಆ ಬಾಟಲಿಯ ಮೇಲೆಯೇ. ಮೊದಲ ಚೀಟಿ ಬಂದ ದಿನ ಅದನ್ನು ಅವಳು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಹೋಗುತ್ತಾ ಬರುತ್ತಾ ನೋಡಿಕೊಂಡದ್ದನ್ನು ನಾನು ಕಂಡಿದ್ದೇನೆ. ಆದರೆ ನಾವು ಬೇಕರಿಗೆ ಸರಕು ಕೊಟ್ಟಿರಲೇ ಇಲ್ಲ. “ಯಾರು ತಂದುಕೊಟ್ಟದ್ದು?” ಎಂದು ಕೇಳಿದೆ. “ನಿಮ್ಮ ಪಕ್ಕದ್ಮನೆ ಕಮಲಕ್ಕ, ಇನ್ಯಾರು” ಎಂದ ಬೇಕರಿಯವನು. ನನ್ನ ಕಣ್ಣೆದುರೇ ಅಪ್ಪಟ ಟ್ರೇಡ್‌ಮಾರ್ಕ್ ಉಲ್ಲಂಘನೆ! ನಿಜ ಹೇಳಬೇಕೆಂದರೆ ಕೋಪದ ಜೊತೆಗೆ ಸ್ವಲ್ಪ ಸಂತೋಷವೂ ಆಯಿತು. ಪಾಠಕ್ಕೆ ಇಂಥ ಸ್ಥಳೀಯ ಉದಾಹರಣೆ ಎಲ್ಲಿ ಸಿಗಬೇಕು?

ಬನ್ನನ್ನು ಕೈಯಲ್ಲಿ ಹಿಡಿದೇ ಕಮಲಕ್ಕನ ಮನೆಗೆ ಹೋದೆ. ಆಕೆ ಅಂಗಳದಲ್ಲಿ ಕಾಳುಮೆಣಸಿನ ಬಳ್ಳಿಗೆ ಗೊಬ್ಬರ ಹಾಕುತ್ತಿದ್ದರು. ನಾನು ಬಾಟಲಿಯ ವಿಷಯ ಎತ್ತಿ, ಮತ್ತೊಬ್ಬರ ಹೆಸರಿನಲ್ಲಿ ಸರಕು ಮಾರುವುದು ಕಾನೂನಿನ ಪ್ರಕಾರ ಏನಾಗುತ್ತದೆ ಎಂಬುದನ್ನು ತರಗತಿಯಲ್ಲಿ ಹೇಳುವಷ್ಟೇ ವಿಸ್ತಾರವಾಗಿ ಹೇಳಿದೆ. ಕಮಲಕ್ಕ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಸೆರಗಿಗೆ ಕೈ ಒರೆಸುತ್ತಾ, “ಅಲ್ಲ ಕಣಿ ಮೇಷ್ಟ್ರೆ, ಕಾಯಿ ಜಯಮ್ಮನ ಮರದ್ದು, ನಮ್ಮ ಕಡೆ ಬಿದ್ದಿದ್ದು. ಹದ ಹೇಳ್ಕೊಟ್ಟಿದ್ದು ಜಯಮ್ಮ. ಅದನ್ನ ಕಮಲಮ್ಮನ ಹೇರಳೆ ಅಂತ ಬರ್ದು ಮಾರಿದ್ರೆ ಅದು ಕದ್ದಂಗಾಗಲ್ವಾ? ಅದಕ್ಕೇ ಅವಳ ಹೆಸರು ಹಾಕ್ಸಿದೆ” ಎಂದರು.

ಇಂಥ ಸಂದರ್ಭಕ್ಕೆ ನನ್ನ ಪಠ್ಯಪುಸ್ತಕದಲ್ಲಿ ಅಧ್ಯಾಯವಿರಲಿಲ್ಲ. ಲೋಕದಲ್ಲಿ ಕದಿಯುವವರು ಹೆಸರು ಅಳಿಸುತ್ತಾರೆ; ಈಕೆ ಪ್ರಾಮಾಣಿಕವಾಗಿರಲು ಹೋಗಿ ಹೆಸರು ಬರೆದೇ ತಪ್ಪು ಮಾಡಿದ್ದರು. ಅಲ್ಲಿಗೆ ನಕ್ಕು ಮನೆಗೆ ಬಂದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಮೇಷ್ಟ್ರ ಬಾಯಿ ಒಮ್ಮೆ ಶುರುವಾದರೆ ಗಂಟೆ ಹೊಡೆಯುವವರೆಗೆ ನಿಲ್ಲುವುದಿಲ್ಲ. ಆ ಚೀಟಿ ಇನ್ನು ಅಂಟಿಸಬಾರದು, ನಮ್ಮ ಉಪ್ಪಿನಕಾಯಿಯ ಹದ ಇನ್ನುಮುಂದೆ ವ್ಯಾಪಾರ ರಹಸ್ಯ, ಆದ್ದರಿಂದ ಉಪ್ಪಿನಕಾಯಿ ಹಾಕುವಾಗ ಹೊರಗಿನವರು ಯಾರೂ ನಮ್ಮ ಅಡುಗೆಮನೆಗೆ ಬರಬಾರದು ಎಂದೂ ಹೇಳಿಬಿಟ್ಟೆ. “ಆಯ್ತು ಬುಡಿ ಮೇಷ್ಟ್ರೆ” ಎಂದರು ಕಮಲಕ್ಕ. ನಮ್ಮ ಕಡೆಯ ಹೆಂಗಸರು “ಆಯ್ತು ಬುಡಿ” ಎಂದರೆ ಅದು ಒಪ್ಪಿಗೆಯಲ್ಲ ಎಂಬುದು ಈ ವಯಸ್ಸಿನಲ್ಲಿ ನನಗೆ ತಿಳಿದಿರಬೇಕಿತ್ತು. ಗೆದ್ದ ಹುರುಪಿನಲ್ಲಿ ಮನೆಗೆ ಬಂದು ವರದಿ ಒಪ್ಪಿಸಿದೆ. ಜಯಾ ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನತ್ತ ತಿರುಗಿದಳು. “ಕಮಲಕ್ಕಂಗೆ ಹೇಳ್ಬುಟ್ರಾ?” ಎಂದಳು. “ಹೇಳಿದೆ.” “ಹೊರಗಿನೋರು ಅಂದ್ರಾ?” “ಅಂದೆ.” ಅವಳು ಬನ್ನನ್ನು ಡಬ್ಬಿಗೆ ಹಾಕಿದಳು. ಆ ಬನ್ನು ಮಾರನೆಯ ದಿನವೂ ಡಬ್ಬಿಯಿಂದ ಹೊರಗೆ ಬರಲಿಲ್ಲ.

ಇಲ್ಲಿ ಒಂದು ಪದ್ಧತಿಯ ವಿಷಯ ಹೇಳಬೇಕು. ನಮ್ಮಲ್ಲಿ ಮುಯ್ಯಾಳು ಎಂಬುದಿದೆ. ಇಂದು ನಾನು ನಿಮ್ಮ ಗದ್ದೆಗೆ, ನಾಳೆ ನೀವು ನನ್ನ ಗದ್ದೆಗೆ, ಕೂಲಿಯ ಮಾತಿಲ್ಲ. ಗದ್ದೆಗಳು ಕಡಿಮೆಯಾದ ಮೇಲೂ ಹೆಂಗಸರು ಇದನ್ನು ಬಿಟ್ಟಿಲ್ಲ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಎಲ್ಲಕ್ಕೂ ಮುಯ್ಯಿ. ಹೇರಳೆಕಾಯಿ ಕಿತ್ತ ದಿನ ಕಮಲಕ್ಕ, ಹಿಂದಿನ ಓಣಿಯ ಐಸಮ್ಮ, ಇನ್ನೂ ಯಾರ್‍ಯಾರೋ ತಂತಮ್ಮ ಈಳಿಗೆಮಣೆ ಹಿಡಿದು ಬಂದು ನಮ್ಮ ನಡುಮನೆಯಲ್ಲಿ ಕೂತುಬಿಟ್ಟರೆ ರಾಶಿ ಕರಗಿದ್ದೇ ತಿಳಿಯುವುದಿಲ್ಲ. ಇದೆಲ್ಲ ಕಾಫಿ ಕುಯ್ಲು ಶುರುವಾಗುವುದರೊಳಗೆ ಮುಗಿಯಬೇಕು. ಪಿಕ್ಕಿಂಗ್ ಆರಂಭವಾದರೆ ಯಾರ ಕೈಗೂ ಬಿಡುವಿರುವುದಿಲ್ಲ. ಕಿತ್ತ ಕಾಯಿಯೂ ಕಾಯುವುದಿಲ್ಲ, ಮೆತ್ತಗಾದರೆ ಉಪ್ಪಿನಕಾಯಿಗೆ ಬಾರದು. ಇವೆಲ್ಲವನ್ನೂ ನಾನು ಪ್ರತಿ ವರ್ಷ ಪೇಪರಿನ ಮರೆಯಿಂದ ನೋಡಿದ್ದೆ. ವ್ಯಾಪಾರ ರಹಸ್ಯವನ್ನು ಘೋಷಿಸುವಾಗ ಮಾತ್ರ ಹೊಳೆಯಲಿಲ್ಲ.

ಕಾಯಿ ಕಿತ್ತದ್ದಾಯಿತು. ಜಗುಲಿಯಲ್ಲಿ ಹಳದಿ ಹಸಿರು ರಾಶಿ ಬಿತ್ತು. ಯಾರೂ ಬರಲಿಲ್ಲ. ನಾನು ಕಾಲೇಜಿನಿಂದ ಬಂದಾಗ ರಾಶಿಯ ಎದುರು ಒಂದು ಮಣೆ, ಒಂದು ಈಳಿಗೆ ಸಿದ್ಧವಾಗಿದ್ದವು. “ಗುಟ್ಟು ಹೊರಗೆ ಹೋಗ್ಬಾರ್ದಲ್ಲ. ಮನೆಯೋರು ಅಂತ ಇರೋದು ನಾವಿಬ್ರೇ. ಕೂತ್ಕೊಳ್ಳಿ” ಎಂದಳು ಜಯಾ. ಕೂತೆ. ಹೇರಳೆಕಾಯಿಯ ಸಿಪ್ಪೆ ಮೇಲ್ನೋಟಕ್ಕೆ ಸಾಧು. ಈಳಿಗೆಯ ಮೇಲೆ ಅದು ಜಾರಿ ನನ್ನ ಬೆರಳನ್ನೇ ಮುಂದೆ ಮಾಡುತ್ತಿತ್ತು. ಆ ಗಾಯದ ಮೇಲೆ ಅದರ ಹುಳಿ ರಸ. ನೋವಿಗೆ ಕಣ್ಣಲ್ಲಿ ನೀರು ಬಂದಾಗ, ಸೂಜಿಮೆಣಸಿನ ತೊಟ್ಟು ಬಿಡಿಸಿದ ಎಡಗೈಯಿಂದ ಕಣ್ಣೊರೆಸಿಕೊಂಡೆ. ಮುಂದಿನದನ್ನು ವರ್ಣಿಸುವುದಿಲ್ಲ. ನಾನು ಬಚ್ಚಲಿಗೂ ಜಗುಲಿಗೂ ಓಡಾಡುತ್ತಿದ್ದಾಗ ಜಯಾ ಒಬ್ಬಳೇ ತಲೆತಗ್ಗಿಸಿ ಹೆಚ್ಚುತ್ತಿದ್ದಳು. ಮರುದಿನ ರಾಶಿಯ ಅಡಿಯ ಕಾಯಿಗಳನ್ನು ಒತ್ತಿ ನೋಡಿ ಕೆಲವನ್ನು ಬದಿಗಿಟ್ಟಳು. ಹೋಂಸ್ಟೇಯವರಿಗೆ ಈ ಸಲ ಹೇಳಿದಷ್ಟು ಕೊಡಲಾಗುವುದಿಲ್ಲವೇನೋ ಎಂದಳು. ಆಮೇಲೆ, ನನಗಲ್ಲ ಎಂಬಂತೆ, “ಕಮಲಕ್ಕ ಇವತ್ತು ಬಾವಿ ಹತ್ರ ಸಿಕ್ಕಿದ್ಲು. ಮಾತಾಡ್ಲಿಲ್ಲ” ಎಂದಳು. ಹೇಳುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಉಪ್ಪಿನಕಾಯಿ ಹಾಳಾದರೆ ಇನ್ನೊಂದು ವರ್ಷ ಹಾಕಬಹುದು. ಹೆಸರು ಬಾಟಲಿಯ ಮೇಲೆ ಉಳಿದು, ಹೆಸರು ಹಿಡಿದು ಕರೆಯುವವರೇ ಇಲ್ಲದಿದ್ದರೆ ಏನು ಮಾಡುವುದು?

ಸಂಜೆ ಮತ್ತೆ ಕಮಲಕ್ಕನ ಮನೆಗೆ ಹೋದೆ. ಐಸಮ್ಮನೂ ಅಲ್ಲಿದ್ದರು. ಕೆಂಪಾದ ನನ್ನ ಕಣ್ಣನ್ನೂ ಬಟ್ಟೆ ಸುತ್ತಿದ ಬೆರಳುಗಳನ್ನೂ ನೋಡಿ ಐಸಮ್ಮ ತಮ್ಮ ಮಲಯಾಳಂ ಬೆರೆತ ಕನ್ನಡದಲ್ಲಿ, “ಎಂಥದು ಮಾಷೆ, ಕೋರ್ಟಿಗೆ ಹೋಗಿ ಬಂದದ್ದಾ?” ಎಂದರು. ನಾನು ಸುತ್ತುಬಳಸದೆ, ತಪ್ಪಾಯಿತು, ಬರಬೇಕು, ಚೀಟಿಯನ್ನೂ ಹಾಗೇ ಅಂಟಿಸಿಕೊಳ್ಳಬಹುದು, ಕಾನೂನಿನಲ್ಲಿ ಇದಕ್ಕೆ ಲೈಸೆನ್ಸ್ ಕೊಡುವುದು ಎನ್ನುತ್ತಾರೆ ಎಂದೆ. “ಅದೇನಾದ್ರೂ ಅನ್ಲಿ” ಎಂದರು ಕಮಲಕ್ಕ, “ಜಯಮ್ಮ ಅತ್ಲಾ?” ನಾನು ಸುಳ್ಳು ಹೇಳದೆ ಹೌದೆಂದೆ. ಅವರು ಗೋಡೆಗೆ ಒರಗಿಸಿದ್ದ ಈಳಿಗೆಮಣೆಯನ್ನು ತೆಗೆದುಕೊಂಡು ಚಪ್ಪಲಿ ಮೆಟ್ಟಿದರು. “ಆದ್ರೆ ಮುಯ್ಯಿಗೆ ಈ ಸಲ ನೀವೇ ಬರ್ಬೇಕು ಮೇಷ್ಟ್ರೆ. ನಮ್ಮನೇಲಿ ತೆಂಗಿನಕಾಯಿ ಸುಲಿಯೋದೈತೆ.”

ಕಮಲಕ್ಕ ಆ ಸಂಜೆಯೇ ಬಂದು ಕೂತರು; ಬೆಳಗಾದರೆ ನಡುಮನೆ ತುಂಬಾ ಹೆಂಗಸರು, ಈಳಿಗೆಯ ಸದ್ದು, ಮೂರು ಭಾಷೆಯ ನಗು. ಕಮಲಕ್ಕ ಮತ್ತು ಜಯಾ ಏನೂ ಆಗಿಲ್ಲವೆಂಬಂತೆ ಪಕ್ಕಪಕ್ಕದಲ್ಲಿ ಕೂತು ನನ್ನನ್ನೇ ಬೈಯುತ್ತಿದ್ದರು. ನನಗೆ ಹಿಂದೆಂದೂ ಬೈಗುಳ ಅಷ್ಟು ಇಂಪಾಗಿ ಕೇಳಿಸಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ರಾಶಿ ಕರಗಿತು. ಮೆಂತ್ಯ ಹುರಿಯುವ ವಾಸನೆ ಬಂತು. ಜಾಡಿಗಳು ಸಾಲಾಗಿ ನಿಂತವು. ಇಷ್ಟೆಲ್ಲ ರಕ್ತ ಸುರಿಸಿದ ಮೇಲೆ ಒಳಗೆ ಏನೇನು ಬೆರೆಸುತ್ತಾರೆಂದು ನೋಡೋಣವೆಂದು ಅಡುಗೆಮನೆಯ ಬಾಗಿಲಿಗೆ ಹೋದೆ. “ನೀವು ಆಚೆ ಇರಿ” ಎಂದಳು ಜಯಾ. “ಗಂಡಸರ ಬಾಯಲ್ಲಿ ಮಾತು ನಿಲ್ಲಲ್ಲ. ನಾಳೆ ಕ್ಲಾಸಲ್ಲಿ ಹೇಳ್ಬುಡ್ತಾರೆ” ಎಂದರು ಕಮಲಕ್ಕ. “ಬಾಗಿಲು ಹಾಕಿ ಹೋಗಿ ಮಾಷೆ” ಎಂದರು ಐಸಮ್ಮ. ಹಾಕಿದೆ. ಬಾಗಿಲ ಹೊರಗೆ ನಿಂತಾಗ ಅರ್ಥವಾಯಿತು: ಇಷ್ಟು ವರ್ಷ ಊಟದ ಜೊತೆ ನೆಂಚಿಕೊಂಡ ಆ ಉಪ್ಪಿನಕಾಯಿಗೆ ಉಪ್ಪು, ಖಾರ ಬಿಟ್ಟು ಇನ್ನೇನು ಬೀಳುತ್ತದೆ ಎಂಬುದು ನನಗೆ ಗೊತ್ತೇ ಇಲ್ಲ. ಕೇರಿಗೆಲ್ಲ ಗೊತ್ತಿದೆ. ಗುಟ್ಟು ಕಾಯಲು ತಕ್ಕ ಕ್ರಮವನ್ನು ಈ ಹೆಂಗಸರು ಮೊದಲಿನಿಂದಲೂ ಕೈಗೊಂಡಿದ್ದರು. ನನ್ನನ್ನು ಬಾಗಿಲ ಹೊರಗೆ ಇಟ್ಟದ್ದೇ ಆ ಕ್ರಮ.

ಅಷ್ಟರಲ್ಲಿ ಜಯಾಳ ಫೋನು ಜಗುಲಿಯಲ್ಲಿ ಹೊಡೆದುಕೊಂಡಿತು. ಹೋಂಸ್ಟೇಯಲ್ಲಿ ಊಟ ಮಾಡಿದ ಯಾರೋ ಮೈಸೂರಿನವರು. ಉಪ್ಪಿನಕಾಯಿ ಅದ್ಭುತವಾಗಿದೆ, ಅದಕ್ಕೆ ಏನೇನು ಹಾಕುತ್ತೀರಿ, ದಯವಿಟ್ಟು ಹೇಳಬೇಕು ಎಂದರು. ನಾನು ಗಂಟಲು ಸರಿಮಾಡಿಕೊಂಡೆ. “ಕ್ಷಮಿಸಿ ಸಾರ್, ಅದು ನಮ್ಮ ಮನೆಯ ವ್ಯಾಪಾರ ರಹಸ್ಯ. ನೀವು ಎಷ್ಟೇ ಕೇಳಿದರೂ ನನ್ನ ಬಾಯಿಂದ ಬರುವುದಿಲ್ಲ” ಎಂದು ಬಹಳ ಗಂಭೀರವಾಗಿ, ಅಕ್ಷರಶಃ ನಿಜವನ್ನೇ ಹೇಳಿದೆ.