ದಿಬ್ಬಣ ಹೊರಟ ಮಿಲಿಟರಿ ಲಾರಿ

“ನಿನ್ನ ತಮ್ಮನ ದಿಬ್ಬಣ ನನ್ನ ಮಿಲಿಟರಿ ಲಾರೀಲೇ ಹೋಗ್ಬೇಕು ಕಣೇ. ವೈರಿಂಗೆಲ್ಲ ನಾನೇ ನೋಡ್ಕೋತೀನಿ, ಮೆಕ್ಯಾನಿಕ್ ಗಿಕ್ಯಾನಿಕ್ ಹತ್ರ ಸುಳಿಯೋ ಹಾಗಿಲ್ಲ” ಎಂದು ಗೌರಿಬಿದನೂರಿನ ವೆಂಕಟರಾಯಪ್ಪ ಘೋಷಿಸಿಬಿಟ್ಟ. ಹರಾಜಿನಲ್ಲಿ ಕೊಂಡ ಆ ಹಳೇ ಲಾರಿಯ ಮೇಲೆ ಅವನಿಗೆ ಹೆಂಡತಿಗಿಂತ ಒಂದು ಗುಲಗಂಜಿ ಹೆಚ್ಚೇ ಪ್ರೀತಿ. ಹೆಂಡತಿ ಶೈಲಜಾಗೆ ಮಾತ್ರ ಅದರ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ಮದುವಣಿಗ ಸುನೀಲ್ ಅವಳ ಒಬ್ಬನೇ ತಮ್ಮ. ಚಿಂತಾಮಣಿಯ ಹೊಸ ಬೀಗರ ಮುಂದೆ ತವರಿನ ಮಾನ ಹೋದರೆ ಮತ್ತೆ ಬರುವುದುಂಟೆ?

ಹೊರಡುವ ಹೊತ್ತಿಗೆ ವೆಂಕಟರಾಯಪ್ಪ ಗತ್ತಿನಿಂದ ಸೀಟೇರಿ ಇಂಡಿಕೇಟರ್ ಹಾಕಿದ. ಹೆಡ್‌ಲೈಟ್ ಕಣ್ಣು ಮಿಟುಕಿಸಿತು. ಹೆಡ್‌ಲೈಟ್ ಹಾಕಿದ. ವೈಪರ್ ಎದ್ದು ಕುಣಿಯಿತು. ಬೆವರೊರೆಸಿಕೊಂಡು ಬ್ರೇಕ್ ತುಳಿದರೆ ಎಲ್ಲವೂ ಒಟ್ಟಿಗೇ ಆರಿಹೋದವು!

“ಯಾರದೋ ಕಣ್ಣು ಬಿದ್ದೈತೆ” ಎನ್ನುತ್ತ ಬಾನೆಟ್ಟಿನೊಳಗೆ ತಲೆ ತೂರಿಸಿ, ಸಿಕ್ಕ ಸಿಕ್ಕ ವೈರನ್ನೆಲ್ಲ ಎಳೆದಾಡಿದ.

“ಬೆಳಗ್ಗೆ ಸರಿಯಾಗೇ ಇತ್ತಲ್ಲರೀ. ಆಮೇಲೇನ್ ಮಾಡಿದ್ರಿ?”

“ಏನೂ ಮಾಡಿಲ್ಲಮ್ಮ. ದೃಷ್ಟಿ ಆಗ್ದಿರ್ಲಿ ಅಂತ ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದೆ.”

“ಯಾವುದ್ರಲ್ಲಿ ಕಟ್ಟಿದ್ರಿ?”

“ದಾರ ಸಿಗಲಿಲ್ಲ. ಒಂದು ವೈರ್ ಕೆಲಸ ಇಲ್ದೆ ಕಬ್ಬಿಣಕ್ಕೆ ಅಂಟ್ಕೊಂಡು ಕೂತಿತ್ತು. ಬಿಚ್ಕೊಂಡೆ.”

ಶೈಲಜಾ ಹಣೆ ಚಚ್ಚಿಕೊಂಡಳು. “ಅದು ಅರ್ತ್ ವೈರ್ ಕಣ್ರೀ. ನಮ್ಮಪ್ಪನ ಟ್ರ್ಯಾಕ್ಟರಿಗೂ ಹಿಂಗೇ ಆಗಿತ್ತು. ಅದಿಲ್ದಿದ್ರೆ ಕರೆಂಟು ವಾಪಸ್ ಹೋಗಕ್ಕೆ ದಾರಿ ಸಿಗ್ದೆ ಕಂಡೋರ ಮನೇಗೆಲ್ಲ ನುಗ್ತದೆ.”

ನಿಂಬೆಹಣ್ಣು ಇಳಿಯಿತು, ವೈರ್ ತನ್ನ ಜಾಗ ಸೇರಿತು, ಲೈಟುಗಳು ಹೇಳಿದ ಮಾತು ಕೇಳತೊಡಗಿದವು. ವೆಂಕಟರಾಯಪ್ಪನ ಮೀಸೆಯೂ ಮೇಲೇರಿತು. ಅವನ ಎಳೆದಾಟದಲ್ಲಿ ಹಾರ್ನಿನ ವೈರಿನ ರಬ್ಬರ್ ಸುಲಿದುಹೋದದ್ದನ್ನು ಮಾತ್ರ ಯಾರೂ ನೋಡಲಿಲ್ಲ.

ಚಿಂತಾಮಣಿಯ ಛತ್ರದ ಮುಂದೆ ಹೆಣ್ಣಿನ ತಂದೆ ಎರ್ರಪ್ಪನವರು, ಕಳಸ ಹಿಡಿದ ಹೆಂಗಸರು, ವಾಲಗದವರು ಸಾಲಾಗಿ ಕಾದಿದ್ದರು. ಲಾರಿ ಹಂಪ್ ಹತ್ತಿ ಧಡಕ್ಕನೆ ಇಳಿಯಿತು. ಸುಲಿದ ವೈರ್ ಕಬ್ಬಿಣಕ್ಕೆ ತಾಗಿತು. ಬಾಯಿ ತೆರೆದ ಹಾರ್ನ್ ಮತ್ತೆ ಮುಚ್ಚಲೇ ಇಲ್ಲ! ವಾಲಗ ನಿಂತಿತು, ಆರತಿ ತಟ್ಟೆ ಜಾರಿತು, ಹೆಂಗಸರು ಕಿವಿ ಮುಚ್ಚಿಕೊಂಡು ಒಳಗೋಡಿದರು. ಮದುವಣಿಗ ಬಾಸಿಂಗ ಹಿಡಿದುಕೊಂಡು ಕೆಳಗೆ ಹಾರಿದ. ಶೈಲಜಾಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ವೆಂಕಟರಾಯಪ್ಪ ಹೇಗೋ ಬ್ಯಾಟರಿಯ ವೈರ್ ಕಿತ್ತು, ಮಸಿ ಮೋರೆಯಲ್ಲಿ ಇಳಿದು ಬಂದ. ಎದುರಿಗೆ ಎರ್ರಪ್ಪನವರು ಎರಡೂ ಕೈ ಮೇಲೆತ್ತಿಕೊಂಡು ನಿಂತಿದ್ದರು.

“ಹೆಣ್ಣು ಕೊಡ್ತೀವಿ ಅಂತ ನಾವು ಮೊದ್ಲೇ ಒಪ್ಕೊಂಡಿದ್ದೀವಲ್ಲ ಸ್ವಾಮಿ, ಮತ್ಯಾಕೆ ಯುದ್ಧಕ್ಕೆ ಬಂದ್ರಿ?”