ಮಾಸ್ತರರ ಪುಸ್ತಕಕ್ಕೆ ಪುಟವೇ ಇಲ್ಲ

ಸಿದ್ಧೇಶ್ವರ ಗುಡಿಯ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ ಮಾಡಿಕೊಂಡಿದ್ದಷ್ಟು ದಿನ ನಗುವಂಥದ್ದೇನೂ ಆಗಲಿಲ್ಲ. ಫೋನಿನಲ್ಲಿ ಓದುವ ಪುಸ್ತಕ ಮಾಡಲು ಶುರು ಮಾಡಿದೆ ನೋಡಿ, ಅಂದಿನಿಂದ ವಾರಕ್ಕೊಂದು ನಗೆಪ್ರಸಂಗ ತಪ್ಪದು. ಅವುಗಳಲ್ಲಿ ಈ ಮೂರು, ನನಗೆ ಅಕ್ಷರ ಕಲಿಸಿದ ಮಾಸ್ತರರವೇ. ಅವರ ಕಣ್ಣು ಮಂಜಾಗುತ್ತ ಬಂದಿತ್ತು. ತಮ್ಮ ಆತ್ಮಕಥೆಯನ್ನು ತಾವೇ ಇನ್ನೊಮ್ಮೆ ಪೂರ್ತಿ ಓದಬೇಕೆಂಬ ಆಸೆ, ಆದರೆ ಅಚ್ಚಾದ ಅಕ್ಷರ ಕಾಣದು.

ದಪ್ಪ ಪುಸ್ತಕ

"ಇ-ಪಬ್ ಅಂತ ಫೋನ್ ಪುಸ್ತಕದ ಒಂದ ನಮೂನಿ ಐತ್ರಿ ಸರ. ಯಾರ ಸ್ವತ್ತೂ ಅಲ್ಲ, ಯಾವ ಕಂಪನಿ ಫೋನಿದ್ರೂ ತೆರಿತೈತಿ. ಅಕ್ಷರ ಬೇಕಾದಷ್ಟ ದೊಡ್ಡವು ಮಾಡ್ಕೋಬಹುದು" ಎಂದೆ. ಮಾಡಿಯೂ ಕೊಟ್ಟೆ.

ಮರುದಿನವೇ ಮಾಸ್ತರರ ಫೋನು. "ಯಪ್ಪಾ, ನಿನ್ನೆ ತೊಂಬತ್ತ ಪುಟ ಇತ್ತು. ಅಕ್ಷರ ದೊಡ್ಡವು ಮಾಡಿದ ಕೂಡ್ಲೇ ನಾಕನೂರಾ ಹತ್ತ ತೋರಸಾಕತ್ತೈತಿ! ಉಳಿದದ್ದ ಯಾರ ಬರದ್ರೋ?"

"ಯಾರೂ ಬರದಿಲ್ರಿ ಸರ. ಇದರಾಗ ಖಾಯಂ ಪುಟಾನೇ ಇರೂದಿಲ್ಲ. ಅಕ್ಷರ ಬೆಳದಂಗ ಪುಟ ಬೆಳೀತಾವ."

"ಹಂಗಾರ ಬಿಡು. ನಮ್ಮ ಬೀಗರಿಗೆ ನಾಕನೂರಾ ಹತ್ತ ಅಂತನ ಹೇಳ್ತೇನಿ."

ಬಿಡುಗಡೆ

ಫೋನಿನ ಪುಸ್ತಕಕ್ಕೂ ಬಿಡುಗಡೆ ಆಗಲೇಬೇಕೆಂದು ಮಾಸ್ತರರ ಹುಟ್ಟೂರಾದ ಘೋಣಸಗಿಯವರು ಹಟ ಹಿಡಿದರು. ಬಣ್ಣದ ಕಾಗದ ಬಿಚ್ಚದೆ ಬಿಡುಗಡೆ ಹೇಗಾದೀತು? ಮಾಸ್ತರರ ಫೋನಿಗೇ ಕಾಗದ ಸುತ್ತಿ, ರಿಬ್ಬನ್ ಕಟ್ಟಿ, ಪೂಜೆ ಮಾಡಿದರು. ಊರ ಹಿರಿಯರೊಬ್ಬರು ಬಿಚ್ಚಿ ಎತ್ತಿ ಹಿಡಿದರೆ, ಫೋನು ಲಾಕ್ ತೆಗೆಯಲು ಮಾಸ್ತರರ ಹೆಬ್ಬೆರಳ ಗುರುತು ಕೇಳಿತು. ಅವರು ಒತ್ತಿದರು. ಬೆರಳ ತುಂಬ ಪೂಜೆಯ ಕುಂಕುಮ, ಎಷ್ಟು ಒತ್ತಿದರೂ ತೆರೆಯಲಿಲ್ಲ.

ಹಿರಿಯರು ಮೈಕಿನಲ್ಲೇ ಕೇಳಿಬಿಟ್ಟರು: "ಸರ, ಪುಸ್ತಕ ನಿಮ್ಮದ ಹೌದಲ್ರಿ?"

ರೊಟ್ಟಿ

ಬರಬರುತ್ತ ಮಾಸ್ತರರಿಗೆ ದೊಡ್ಡ ಅಕ್ಷರವೂ ಕಾಣದಾಯಿತು. ಜಲನಗರದ ಅವರ ಮನೆಗೆ ಹೋಗಿ, ಫೋನೇ ಪುಸ್ತಕವನ್ನು ಗಟ್ಟಿಯಾಗಿ ಓದುವಂತೆ ಮಾಡಿದೆ. ತಮ್ಮ ಮಾತು ಕಿವಿಗೆ ಬಿದ್ದದ್ದೇ ಮಾಸ್ತರರ ಕಣ್ಣು ತುಂಬಿ ಬಂದವು. "ನಿನಗ ಕಲಿಸಿದ್ದು ಸಾರ್ಥಕ ಆತೋ ತಮ್ಮಾ" ಎಂದರು. ಈ ಇ-ಪಬ್ಬಿಗೆ ಬೀಗ ಹಾಕದೆ ಎಲ್ಲರಿಗೂ ಬಿಟ್ಟುಕೊಟ್ಟ, ಮುಖವೇ ಕಾಣದ ಪುಣ್ಯಾತ್ಮರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಫೋನು ಮಾತ್ರ ಓದುತ್ತಲೇ ಇತ್ತು: "ಮದುವೆಯಾದ ಹೊಸತರಲ್ಲಿ ನನ್ನವಳ ಬಿಸಿರೊಟ್ಟಿ ಮುರಿಯಲೂ ಎರಡು ಕೈ ಬೇಕಾಗುತ್ತಿದ್ದವು..."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅಚ್ಚಾದ ಪುಸ್ತಕ ಮೂರು ವರ್ಷದಿಂದ ಮನೆಯಲ್ಲೇ ಇದ್ದರೂ ಮಾಸ್ತರರ ಹೆಂಡತಿ, ನಮ್ಮ ಅವ್ವಾರು, ಒಂದು ದಿನವೂ ಅದನ್ನು ತೆರೆದವರಲ್ಲ.

ಮಾಸ್ತರರು ಪಿಸುಗುಟ್ಟಿದರು: "ಲೇ, ಆ ಪುಟ ಹರದ ಒಗಿಯೋ!"

"ಇದರಾಗ ಪುಟಾನೇ ಇಲ್ಲಲ್ರಿ ಸರ."

ಹಿಟ್ಟಿನ ಕೈಯಲ್ಲೇ ಅವ್ವಾರು ಬಾಗಿಲಿಗೆ ಬಂದು ನಿಂತರು. "ತಗೀಬ್ಯಾಡಪಾ, ಇರ್ಲಿ. ಚಂದ ಓದತೈತಿ ಫೋನು. ನಾಳಿಂದ ರೊಟ್ಟೀನೂ ಅದೇ ಬಡೀಲಿ."