ಗೋಣಿಚೀಲದ ಪರದೆ

"ಈ ಶೆಡ್ಡು ನಂದೋ, ಊರಿಂದೋ?"

ಸೋಮಣ್ಣ ತನ್ನ ಶೆಡ್ಡಿನ ಬಾಗಿಲಲ್ಲಿ ನಿಂತು ಗಟ್ಟಿಯಾಗಿಯೇ ಕೇಳಿದ. ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ. ಒಳಗೆ ಮಕ್ಕಳು ತಾಳ ಕುಟ್ಟುತ್ತ "ಮಹಾರಾಜಾ, ಮಹಾರಾಜಾ" ಎಂದು ಹಾಡುತ್ತಿದ್ದರು. ಅವನ ಮೆಣಸಿನಕಾಯಿ ಚೀಲಗಳು, ಮದುವೆ ಮನೆಗೆ ಕರೆಯದೆ ಬಂದವರ ಹಾಗೆ, ಮೂಲೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ಕುಳಿತಿದ್ದವು.

"ಯಾರನ್ನ ಕೇಳಾಕತ್ತಿ ಸೋಮಣ್ಣ, ಗೋಡಿನೇನ?" ಎಂದ ಪಕ್ಕದ ಮನೆಯ ಫಕ್ಕೀರಪ್ಪ. ಮಕ್ಕಳ ನಾಟಕಕ್ಕೆ ಹಾರ್ಮೋನಿಯಂ ಬಾರಿಸುವವನು ಅವನೇ. ಊರಿನ ಯಾವ ಕೆಲಸಕ್ಕೂ ಕರೆಯುವ ಮೊದಲೇ ಬರುವವನೂ ಅವನೇ.

ಬ್ಯಾಡಗಿಯ ಪಕ್ಕದ ಆ ಸಣ್ಣ ಊರಿನಲ್ಲಿ ಕೂಲಿಗೆ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಮನೆಗಳೇ ಹೆಚ್ಚು. ಅವರ ಮಕ್ಕಳು ರಾಶಿಯ ಬದಿಯಲ್ಲೇ ಕುಳಿತು ದೊಡ್ಡವರಾಗುತ್ತಿದ್ದರು. ಧಾರವಾಡದಲ್ಲಿ ಓದಿ ಬಂದ ಭುವನಾ ಚೌತಿಯ ಹೊತ್ತಿಗೆ ಬಂದು, "ಕಾಕಾ, ಮಕ್ಕಳಿಗೆ ಹಾಡು, ಕುಣಿತ, ನಾಟಕ ಕಲಸ್ತೀನಿ. ನಾಕ ದಿನ ಶೆಡ್ ಕೊಡ್ರಿ" ಎಂದಿದ್ದಳು. ಸೋಮಣ್ಣನಿಗೆ 'ಇಲ್ಲ' ಎನ್ನುವುದು ಬರುತ್ತಿರಲಿಲ್ಲ. ಮಾತು ಗಂಟಲು ದಾಟುವ ಮೊದಲೇ ತಲೆ ಆಡಿಬಿಡುತ್ತಿತ್ತು. ಈಗ ಸಂಕ್ರಾಂತಿ ಕಳೆದಿದೆ. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ.

ಸುಗ್ಗಿ ಬಂದಿತ್ತು. ಹೊಲದ ಕಣದಲ್ಲಿ ಕಾಯಿ ಒಣಗಿ ಬಿದ್ದಿತ್ತು, ತಂದಿಡಲು ಶೆಡ್ಡಿನಲ್ಲಿ ಜಾಗವಿರಲಿಲ್ಲ. ಮಂಜಿಗೆ ನೆನೆದರೆ ಬಣ್ಣ ಹೋಗುತ್ತದೆ, ಬಣ್ಣ ಹೋದ ಕಾಯಿಯನ್ನು ಬ್ಯಾಡಗಿಯಲ್ಲಿ ಯಾರೂ ಕಣ್ಣೆತ್ತಿಯೂ ನೋಡುವುದಿಲ್ಲ. ಉಳಿದದ್ದು ಒಂದೇ ಆಸೆ. ಇವತ್ತು ಹಾವೇರಿಯಲ್ಲಿ ಮಕ್ಕಳ ನಾಟಕ ನೋಡಲು ಬೆಂಗಳೂರಿನಿಂದ ಕಲಾಸಂಸ್ಥೆಯವರು ಬರುತ್ತಾರೆ. ಅವರು ಮೆಚ್ಚಿದ ತಂಡಕ್ಕೆ ತಾಲೀಮಿನ ಮನೆ ಕಟ್ಟಿಸಿಕೊಡುತ್ತಾರೆ. ಹೀಗಾಗಿ ಮಕ್ಕಳ ತಾಯಂದಿರಿಗಿಂತ ಹೆಚ್ಚು ಭಕ್ತಿಯಿಂದ ಸೋಮಣ್ಣ ಕದರಮಂಡಲಗಿಯ ಕಾಂತೇಶನಿಗೆ ತೆಂಗಿನಕಾಯಿ ಹರಕೆ ಹೊತ್ತಿದ್ದ.

ನಾಟಕದಲ್ಲಿ ನಗುವಿಗೆ ಸುಂಕ ಹಾಕುವ ರಾಜನೊಬ್ಬನಿದ್ದ. ಪ್ರಜೆಗಳು "ನಮ್ಮ ನಗಿ ನಮಗ ಕೊಡ್ರಿ" ಎಂದು ಬೇಡಿದಾಗಲೆಲ್ಲ ಅವನು "ಕೊಡೂದಿಲ್ಲ" ಎಂದು ಗುಡುಗಬೇಕು. ರಾಜನ ಪಾತ್ರ ಕರಿಯವ್ವನ ಮಗಳು ಅರುಣಾಳದು. ಏಳನೇ ಇಯತ್ತೆಗೆ ಶಾಲೆ ಬಿಟ್ಟು ತೊಟ್ಟು ಬಿಡಿಸಲು ಕುಳಿತಿದ್ದ ಹುಡುಗಿ. ಮೀಸೆ ಹಚ್ಚಿದರೂ ಅವಳ 'ಕೊಡೂದಿಲ್ಲ' ಸೊಳ್ಳೆಯ ದನಿಯಲ್ಲೇ ಹೊರಡುತ್ತಿತ್ತು.

"ಜೋರ ಅನ್ನವಾ. ನೀ ರಾಜಾ ಅದಿ" ಎನ್ನುತ್ತಿದ್ದಳು ಭುವನಾ.

"ನಂಗ ಬರೂದಿಲ್ರಿ ಅಕ್ಕಾ."

"ನನಗೂ ಬರೂದಿಲ್ಲ ತಂಗಿ," ಎಂದು ಸೋಮಣ್ಣ ಬಾಗಿಲಿಂದಲೇ ಅನುಕಂಪ ತೋರಿಸುತ್ತಿದ್ದ.

ಇವತ್ತು ಮುಂಜಾನೆ ಅವನು ತನ್ನ ಟೆಂಪೊ ಗಾಡಿಗೆ ಚೀಲ ಹೇರಿ ಬ್ಯಾಡಗಿ ಪೇಟೆಗೆ ಹೊರಟಿದ್ದ. ಅಷ್ಟರಲ್ಲಿ ಭುವನಾ ಓಡಿ ಬಂದಳು. ಮಕ್ಕಳನ್ನು ಒಯ್ಯಬೇಕಾದ ಟ್ರ್ಯಾಕ್ಸ್ ಜೀಪು ಕೆಟ್ಟು ನಿಂತಿತ್ತು. "ಕಾಕಾ, ನಿಮ್ಮ ಗಾಡಿ..." ಎಂದಳು. ಮಾತು ಮುಗಿಯುವ ಮೊದಲೇ ತಲೆ ಆಡಿತು. ಹೇರಿದ ಚೀಲಗಳನ್ನು ಅವನೇ ಇಳಿಸಿದ.

ಇಳಿಸಿ ಬೆವರು ಒರೆಸುವಷ್ಟರಲ್ಲಿ ಒಳಗಿಂದ ಫಕ್ಕೀರಪ್ಪ ಪರದೆ ಹಿಡಿದು ಬಂದ. ಅದು ಪರದೆಯಾಗಿ ಉಳಿದಿರಲಿಲ್ಲ. ಇಲಿಗಳು ಅದನ್ನು ಮೀನಿನ ಬಲೆ ಮಾಡಿದ್ದವು.

"ಈಗೇನ ಮಾಡೂಣು?" ಎಂದಳು ಭುವನಾ.

"ಸೋಮಣ್ಣನ ಖಾಲಿ ಚೀಲ ರಗಡ ಅದಾವಲ್ಲ," ಎಂದ ಫಕ್ಕೀರಪ್ಪ, ತನ್ನ ಮನೆಯದೇ ವಸ್ತು ಎನ್ನುವ ಹಾಗೆ.

ತಾಯಂದಿರು ದಬ್ಬಣ, ಸುತಳಿ ಹಿಡಿದು ಕುಳಿತರು. ಮೇಲಿನ ಓಣಿಯವರು, ಕೆಳಗಿನ ಓಣಿಯವರು. ಹೋದ ವರ್ಷ ಇದೇ ಹೆಂಗಸರು ನಲ್ಲಿಯ ಮುಂದೆ ಒಬ್ಬರ ಕೊಡ ಒಬ್ಬರು ಒದೆಯುತ್ತಿದ್ದರು. ಈಗ ಒಬ್ಬಳು ಚೀಲ ಬಿಚ್ಚಿ ಕೊಟ್ಟರೆ ಇನ್ನೊಬ್ಬಳು ಹೊಲಿಯುತ್ತಿದ್ದಳು, ಮಕ್ಕಳ ಹಾಡು ಇವರ ಬಾಯಲ್ಲೂ ಇತ್ತು. ಬಿಸಿಲು ಏರುವಷ್ಟರಲ್ಲಿ ಪರದೆ ಸಿದ್ಧ. ಸೋಮಣ್ಣನ ಹೆಂಡತಿ ಸುಶೀಲವ್ವ ಅದರ ಅಂಚಿಗೆ ತನ್ನ ಹಳೆಯ ಇಳಕಲ್ ಸೀರೆಯ ಸೆರಗನ್ನೂ ಹಚ್ಚಿದಳು.

"ಚೀಲ ಝಾಡಿಸಿದ್ರಿಲ್ಲೋ?" ಎಂದು ಕೇಳಬೇಕೆಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಅದೇ ಘಾಟಿನಲ್ಲಿ ಉಸಿರಾಡಿದ ಮೂಗುಗಳು ಅವು. ಖಾರದ ಧೂಳು ಅವರಿಗೆ ಗಾಳಿಯ ಒಂದು ಭಾಗ.

ಹಾವೇರಿಯ ಸಭಾಂಗಣದಲ್ಲಿ ಮುಂದಿನ ಸಾಲಿಗೆ ಸಂಸ್ಥೆಯ ಮೂವರು ಬಂದು ಕುಳಿತರು. ನಡುವೆ ಶ್ರೀದೇವಿ ಮೇಡಂ. ಕಡ್ಡಿಯಂತೆ ನೆಟ್ಟಗೆ ಕುಳಿತ ಹಿರಿಯ ಹೆಂಗಸು. ಹಿಂದಿನ ಸಾಲುಗಳಲ್ಲಿ ಊರಿನ ತಾಯಂದಿರು. ಪರದೆ ಎಳೆಯುವ ಕೆಲಸ, ಹೇಳಬೇಕಾದ್ದೇನಿಲ್ಲ, ಸೋಮಣ್ಣನ ಪಾಲಿಗೆ ಬಂದಿತ್ತು.

ಗಂಟೆ ಹೊಡೆಯಿತು. ಸೋಮಣ್ಣ ಹಗ್ಗ ಎಳೆದ. ಪರದೆ ಅಲ್ಲಾಡಲಿಲ್ಲ. ಜಗ್ಗಿದ, ಸಿಕ್ಕಿಕೊಂಡಿತು. ಹಟಮಾರಿ ಎತ್ತಿನ ಬೆನ್ನು ತಟ್ಟುವವನಂತೆ ಎರಡೂ ಕೈಯಿಂದ ಪರದೆಯನ್ನು ಬಡಿದ. ಅದು ತೆರೆಯಿತು. ಅದರ ಜೊತೆಗೆ ಕೆಂಪು ಮೋಡವೊಂದು ಎದ್ದು, ಮೇಲಿನ ಫ್ಯಾನು ಅದನ್ನು ಮರ್ಯಾದೆಯಿಂದ ಮುಂದಿನ ಸಾಲಿಗೆ ಕಳಿಸಿಕೊಟ್ಟಿತು.

ಮೊದಲ ದೃಶ್ಯದಲ್ಲಿ ವಿದೂಷಕ ಜಾರಿ ಬಿದ್ದ. ಹಿಂದಿನ ಸಾಲು ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನ ಮೂವರೂ ಕರ್ಚೀಫು ತೆಗೆದು ಅಳತೊಡಗಿದರು. ಮಂತ್ರಿ ತನ್ನ ನಗುವನ್ನು ಡಬ್ಬಿಯಲ್ಲಿ ಬಚ್ಚಿಟ್ಟ, ಒಬ್ಬರು ಬಿಕ್ಕಿದರು. ರಾಜ ಬಂದು 'ಕೊಡೂದಿಲ್ಲ' ಎಂದದ್ದಂತೂ ಸಾಲಾದ ಸೀನುಗಳಲ್ಲಿ ಮುಳುಗಿಯೇ ಹೋಯಿತು.

"ಕಾಕಾ, ನಗೂ ನಾಟಕಕ್ಕ ಇವರು ಯಾಕ ಅಳಾಕತ್ತಾರ?" ಭುವನಾ ಬಿಳಿಚಿಕೊಂಡು ಕೇಳಿದಳು.

ಸೋಮಣ್ಣ ಮೂಗು ಎಳೆದು ನೋಡಿದ. ಏನೂ ಗೊತ್ತಾಗಲಿಲ್ಲ. ಆಮೇಲೆ ತನ್ನ ಅಂಗೈ ನೋಡಿಕೊಂಡ. ಕುಂಕುಮದ ಬಟ್ಟಲಲ್ಲಿ ಅದ್ದಿ ತೆಗೆದಂತೆ ಕೆಂಪಗಿತ್ತು.

"ಕೆಟ್ಟೆ," ಎಂದ. "ನಿಲ್ಲಸಬ್ಯಾಡವಾ, ನಡೀಲಿ."

ಮಕ್ಕಳು ನಿಲ್ಲಿಸಲಿಲ್ಲ. ಕೊನೆಯ ಹಾಡು ಮುಗಿದಾಗ ಶ್ರೀದೇವಿ ಮೇಡಂ ಕಣ್ಣೊರೆಸುತ್ತ ವೇದಿಕೆ ಹತ್ತಿದರು. "ಈ ತಂಡವನ್ನ ಆರಿಸಿದ್ದೀವಿ. ತಾಲೀಮಿಗೆ ಒಂದು ಒಳ್ಳೆ ಮನೆ ಕಟ್ಟಿಸಿಕೊಡ್ತೀವಿ" ಎಂದರು.

ಹಿಂದಿನ ಸಾಲು ಎದ್ದು ನಿಂತು ಚಪ್ಪಾಳೆ ತಟ್ಟಿತು. ಸೋಮಣ್ಣನ ಕಣ್ಣ ಮುಂದೆ ತನ್ನ ಶೆಡ್ಡು ಮಕ್ಕಳಿಲ್ಲದೆ ಖಾಲಿಯಾಗಿ, ಚೀಲಗಳಿಂದ ತುಂಬಿ, ಬೀಗ ಹಾಕಿಕೊಂಡು ನಿಂತಿತು. ಅವನು ಅಲ್ಲಿಗೆ ಸುಮ್ಮನಿದ್ದರೆ ಆಗಿತ್ತು. ಆದರೆ ಕಾಂತೇಶನಿಗೆ ಸುಳ್ಳಿನ ಕಾಯಿ ಒಡೆಯುವುದು ಹೇಗೆ? ಫಕ್ಕೀರಪ್ಪ ಅಂಗಿ ಜಗ್ಗಿದರೂ ಕೇಳದೆ ಮುಂದೆ ಹೋಗಿ ಕೈ ಮುಗಿದ.

"ಮೇಡಂ, ನಾ ಸೋಮಣ್ಣರಿ. ಒಂದ ಮಾತ್ರಿ. ನೀವು ಅತ್ತದ್ದು ನಾಟಕಕ್ಕಲ್ರಿ. ಚೀಲದಾಗಿನ ಖಾರಕ್ಕರಿ."

"ಗೊತ್ತು," ಎಂದು ಅವರು ಇನ್ನೊಮ್ಮೆ ಸೀನಿ ನಕ್ಕರು. "ನನ್ನ ಮೂಗಿಗೆ ಮೊದಲನೇ ಸೀನಲ್ಲೇ ಗೊತ್ತಾಯ್ತು. ನಾವು ಅಷ್ಟು ಸೀನಿದ್ರೂ ಮಕ್ಕಳು ಒಂದು ಹೆಜ್ಜೆ ತಪ್ಪಲಿಲ್ಲ, ಅದಕ್ಕೇ ಆರಿಸಿದ್ದು. ಆದರೆ ಇದು ಯಾವ ಚೀಲ? ಯಾರು ಹೊಲಿದ್ರು?"

"ಮಕ್ಕಳ ತಾಯಂದಿರು ಹೊಲದಾರ್ರಿ. ಮುಂಜಾನೆ, ನನ್ನ ಶೆಡ್ಡಿನ್ಯಾಗ."

"ತಾಲೀಮು ಕೂಡ ಅಲ್ಲೇನಾ?"

"ಚೌತಿಯಿಂದರಿ," ಎಂದ ಸೋಮಣ್ಣ, ಈಗಲಾದರೂ ತನ್ನ ಕಷ್ಟ ಅರ್ಥವಾದೀತೆಂದು.

ಮೇಡಂ ಉಳಿದಿಬ್ಬರ ಕಡೆ ನೋಡಿದರು. ಮೂರು ಕೆಂಪು ಮೂಗುಗಳು ಹತ್ತಿರ ಬಂದು ಪಿಸುಗುಟ್ಟಿದವು.

"ತಾಯಂದಿರೆಲ್ಲ ಸೇರೋ ಜಾಗ ಇರೋವಾಗ ಹೊಸ ಕಟ್ಟಡ ಯಾಕೆ? ಆ ದುಡ್ಡು ವಾದ್ಯಗಳಿಗೆ, ಭುವನಾ ಅವರ ಸಂಬಳಕ್ಕೆ ಆಗಲಿ. ಅಕ್ಕಪಕ್ಕದ ಊರಿನ ಮಕ್ಕಳೂ ಅಲ್ಲಿಗೇ ಬರಲಿ. ಶೆಡ್ಡು ಕೊಡ್ತೀರಲ್ವಾ ಸೋಮಣ್ಣನವರೇ?"

ಸೋಮಣ್ಣ ಬಾಯಿ ತೆರೆದ. ಅಷ್ಟರಲ್ಲಿ ತಲೆ ಆಡಿಬಿಟ್ಟಿತ್ತು.

ಮರಳುವಾಗ ಗಾಡಿಯ ಹಿಂಭಾಗದಲ್ಲಿ ಕುಳಿತು ಮಕ್ಕಳೂ ತಾಯಂದಿರೂ ಹಾಡುತ್ತಿದ್ದರು. ಕರಿಯವ್ವ ಎಲ್ಲರಿಗಿಂತ ಮೇಲೆ ದನಿ ಎತ್ತಿದ್ದಳು. ಸಿಟ್ಟು ಮಾಡಿಕೊಳ್ಳಬೇಕೆಂದು ಸೋಮಣ್ಣ ನೋಡಿದ, ಹಾಡು ಬಿಡಲಿಲ್ಲ. ಅವನ ಬೆರಳೂ ಸ್ಟೇರಿಂಗಿನ ಮೇಲೆ ತಾಳ ಹಾಕುತ್ತಿತ್ತು.

"ಕಾಯಿ ಎಲ್ಲಿ ಇಡೂದು?" ಎಂದು ಪಕ್ಕದಲ್ಲಿ ಕುಳಿತ ಹೆಂಡತಿಯನ್ನು ಕೇಳಿದ.

"ಪಡಸಾಲ್ಯಾಗ ಇಡೂಣು. ನೀವು ಅಂಗಳದಾಗ ಮಲಗ್ರಿ," ಎಂದಳು ಸುಶೀಲವ್ವ. "ಇಲ್ಲಾಂದ್ರ ಮಕ್ಕಳನ್ನ ಕೇಳಿ ನೋಡ್ರಿ, ಶೆಡ್ಡು ಬಿಟ್ಟಕೊಟ್ರ ಕೊಟ್ಟಾರು."

ಊರ ಮುಂದೆ ಗಾಡಿ ನಿಂತಿತು. ಅರುಣಾ ಮೊದಲು ಧುಮುಕಿದಳು. ಮೀಸೆ ಇನ್ನೂ ತೆಗೆದಿರಲಿಲ್ಲ. ಸೋಮಣ್ಣ ಹೆಗಲ ಮೇಲಿನ ಟವೆಲ್ ತೆಗೆದು ಅವಳ ಮುಂದೆ ನಾಟಕದ ಪ್ರಜೆಯಂತೆ ಬಾಗಿದ. ಅರ್ಧ ಹಾಸ್ಯ, ಅರ್ಧ ಖರೇ.

"ಮಹಾರಾಜಾ, ಸುಗ್ಗಿ ಮುಗಿಯೂ ತನಕ ಆದ್ರೂ, ನನ್ನ ಶೆಡ್ಡು ನನಗ ಕೊಡ್ರಿ."

ಅರುಣಾ ಸುತ್ತ ನೋಡಿದಳು. ಸೊಂಟದ ಮೇಲೆ ಕೈ ಇಟ್ಟಳು. ಎರಡೂ ಓಣಿಗಳಿಗೆ ಕೇಳಿಸುವ ಹಾಗೆ ಗುಡುಗಿದಳು:

"ಕೊಡೂದಿಲ್ಲ."